ಕರೆಂಟು ಹೋದಾಗ ಉಳಿದದ್ದು

ಈ ಜಗಳ ನಿಮ್ಮ ಮನೆಯಲ್ಲೂ ನಡೆದಿರಬಹುದು. ಊಟಕ್ಕೆ ಕರೆದರೆ ಮಗ ಮೊಬೈಲ್‌ನಿಂದ ತಲೆಯೆತ್ತದೆ "ಒಂದೇ ನಿಮಿಷ ಅಮ್ಮೀ, ಮ್ಯಾಚ್ ಮುಗೀಲಿ" ಅನ್ನುತ್ತಾನೆ. ಆ ಒಂದು ನಿಮಿಷ ಅರ್ಧ ಗಂಟೆಯಾಗುತ್ತದೆ. ಸಾರು ತಣ್ಣಗಾಗುತ್ತದೆ, ತಾಯಿಯ ತಲೆ ಬಿಸಿಯಾಗುತ್ತದೆ. ಹಾಗಾಗಿ ಮೊಬೈಲ್ ಗೇಮ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಮುಖ ಗಂಟಿಕ್ಕುತ್ತದೆ. ನಾನೂ ಅದಕ್ಕೆ ಹೊರತಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಭದ್ರಾವತಿಯಿಂದ ನನ್ನ ಆಪಾ ಫೋನ್ ಮಾಡಿದರು. "ನಿನ್ನ ಅಕ್ಕನ ಮಗ ಈಗ ಆ ಆಟದಿಂದಲೇ ದಾನ ಮಾಡ್ತಾನಂತೆ, ಕೇಳಿದೆಯಾ?" ಅಂದರು. ದನಿಯಲ್ಲಿ ಅರ್ಧ ನಗು, ಅರ್ಧ ಆತಂಕ.

ವಿಷಯ ಇಷ್ಟು. ಅವರ ಬೀದಿಯಲ್ಲಿ ಒಬ್ಬ ಹೆಂಗಸು ಇದ್ದಾರೆ. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಬಾರಿ ಡಯಾಲಿಸಿಸ್‌ಗಾಗಿ ಶಿವಮೊಗ್ಗಕ್ಕೆ ಹೋಗಬೇಕು. ಚಿಕಿತ್ಸೆಗೆ ಸರಕಾರದ ನೆರವಿದೆ ನಿಜ. ಆದರೆ ಬಸ್ಸಿನ ಖರ್ಚು, ಮಾತ್ರೆ, ಜೊತೆಗೆ ಹೋಗುವ ಗಂಡನ ಒಂದು ದಿನದ ಕೂಲಿ, ಇವನ್ನೆಲ್ಲ ಯಾರು ಕೊಡುತ್ತಾರೆ? ಕಾಗದ ಕಾರ್ಖಾನೆ ಬಾಗಿಲು ಹಾಕಿದ ಊರು ಅದು. ಕೈಯೆತ್ತಿ ಕೊಡುತ್ತಿದ್ದವರ ಕೈಗಳೂ ಅಲ್ಲಿ ಈಗ ಬಿಗಿಯಾಗಿವೆ. ಕಾಲೇಜು ಹುಡುಗರು ಸೇರಿ ಯೋಚಿಸಿದ್ದಾರೆ. ಮೊಬೈಲ್‌ನಲ್ಲಿ ಆಡುವ ಫುಟ್ಬಾಲ್ ಪಂದ್ಯಾವಳಿ ನಡೆಸೋಣ, ಒಬ್ಬೊಬ್ಬರಿಂದ ನೂರು ರೂಪಾಯಿ ಪಡೆಯೋಣ, ಬಂದದ್ದನ್ನು ಆ ಮನೆಗೆ ಕೊಡೋಣ. ಭದ್ರಾವತಿಯಲ್ಲಿ ಹದಿನಾರು ಮಂದಿ, ಶಿವಮೊಗ್ಗದಲ್ಲಿ ಹದಿನಾರು ಮಂದಿ. ಎರಡು ಊರು, ಎರಡು ಕೋಣೆ, ನಡುವೆ ಇಂಟರ್ನೆಟ್.

ಆಪಾ ಕೇಳಿದ ಮೊದಲ ಪ್ರಶ್ನೆ ಮುಖ್ಯವಾದದ್ದು. "ಗೆದ್ದವನಿಗೆ ಬಹುಮಾನ ಎಲ್ಲಿಂದ ಕೊಡ್ತೀರಿ?" ಆ ನೂರು ರೂಪಾಯಿಗಳಿಂದಲೇ ಅರ್ಧ ಎಂದು ಹುಡುಗರು ಹೇಳಿದ್ದರು. "ಸೋತವನ ಹಣ ಗೆದ್ದವನ ಜೇಬಿಗೆ ಹೋದರೆ ಅದಕ್ಕೆ ಏನೆನ್ನುತ್ತಾರೆ, ನೀವೇ ಹೇಳಿ" ಎಂದರು ಆಪಾ. ಹುಡುಗರು ಸುಮ್ಮನಾದರು. ಕೊನೆಗೆ ನೂರು ರೂಪಾಯಿಗಳೆಲ್ಲ ಪೂರ್ತಿ ದಾನಕ್ಕೆ ಎಂದು ತೀರ್ಮಾನವಾಯಿತು. ಗೆದ್ದವನಿಗೆ ಪರಿಚಯದ ಅಂಗಡಿಯವರೊಬ್ಬರು ಕೊಡುವ ಒಂದು ಸ್ಕೂಲ್ ಬ್ಯಾಗು ಮಾತ್ರ. ಲೆಕ್ಕದ ಪುಸ್ತಕ ಆಪಾ ಕೈಯಲ್ಲಿ.

ಭಾನುವಾರ ಬಂತು. ತೊಂದರೆಯೂ ಜೊತೆಗೇ ಬಂತು.

ಮೊದಲು ಅಪ್‌ಡೇಟ್. ಎಲ್ಲರ ಫೋನಿನಲ್ಲೂ ಆಟದ ಒಂದೇ ಆವೃತ್ತಿ ಇಲ್ಲದಿದ್ದರೆ ಒಬ್ಬರೊಡನೆ ಒಬ್ಬರು ಆಡಲು ಆಗುವುದಿಲ್ಲವಂತೆ. ಅರ್ಧ ಹುಡುಗರು ಹಿಂದಿನ ರಾತ್ರಿ ಹೊಸದನ್ನು ಇಳಿಸಿಕೊಂಡಿರಲಿಲ್ಲ. ಬೆಳಿಗ್ಗೆ ಎಲ್ಲರೂ ಒಂದೇ ವೈಫೈಯಲ್ಲಿ ಡೌನ್‌ಲೋಡ್‌ಗೆ ಕೂತರು. ಒಂದು ನಲ್ಲಿ, ಎಂಟು ಬಿಂದಿಗೆ. ಹತ್ತಕ್ಕೆ ಶುರುವಾಗಬೇಕಾದದ್ದು ಹನ್ನೊಂದೂವರೆಗೆ ಶುರುವಾಯಿತು.

ಆಮೇಲೆ ಅವರು 'ಲ್ಯಾಗ್' ಎನ್ನುವ ಪೀಡೆ. ಇಲ್ಲಿ ಬೆರಳು ಒತ್ತಿದರೆ ಅದರ ಸುದ್ದಿ ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ ಮರಳಬೇಕು. ಈ ಹೋಗಿ ಬರುವ ಹೊತ್ತನ್ನು 'ಪಿಂಗ್' ಎನ್ನುತ್ತಾರೆ. ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅದನ್ನು ಅಳೆಯುತ್ತಾರೆ. ಅದು ಹೆಚ್ಚಾದರೆ ಚೆಂಡು ಒದ್ದ ಮೇಲೆ ಆಟಗಾರ ಕಾಲೆತ್ತುತ್ತಾನೆ! ಇದರ ಮೇಲೆ ಒಬ್ಬ ಹುಡುಗ ಪಂದ್ಯವನ್ನು ಎಲ್ಲರಿಗೂ ನೇರ ಪ್ರಸಾರ ಮಾಡಲು ಹೊರಟ. ಮನೆಯಿಂದ ಹೊರಕ್ಕೆ ಹೋಗುವ ದಾರಿಯನ್ನೆಲ್ಲ ಆ ಪ್ರಸಾರವೇ ನುಂಗಿತು. ಪ್ರಸಾರ ನಿಲ್ಲಿಸಿದ ಮೇಲೆಯೇ ಆಟ ಸರಿಯಾಗಿ ಓಡಿದ್ದು.

ಮೊದಲ ಸುತ್ತಿನ ಹದಿನಾರು ಪಂದ್ಯ ಮುಗಿದವು. ಝೊಹರ್ ನಮಾಝ್ ಮುಗಿಸಿ ಬಂದು ಎರಡನೆಯ ಸುತ್ತು ಆರಂಭಿಸಿದರು. ಮೂರು ಪಂದ್ಯ ಮುಗಿದು ನಾಲ್ಕನೆಯದು ನಡೆಯುತ್ತಿತ್ತು. ಶಿವಮೊಗ್ಗದ ಹುಡುಗ 2-1ರಿಂದ ಮುಂದೆ. ಇನ್ನೇನು ಕೆಲವೇ ನಿಮಿಷ. ಆಗ ಗಾಳಿ ಮಳೆ ಬಂತು, ಭದ್ರಾವತಿಯಲ್ಲಿ ಕರೆಂಟು ಹೋಯಿತು. ಫೋನುಗಳೆಲ್ಲ ಜೀವಂತ, ಆದರೆ ವೈಫೈ ಪೆಟ್ಟಿಗೆ ಸತ್ತಿತು.

ಆ ಬಳಿಕ ನಡೆದದ್ದೇ ನಿಜವಾದ ತೊಂದರೆ. ಸೋಲುತ್ತಿದ್ದ ಹುಡುಗ ಬೇಕೆಂದೇ ವೈಫೈ ತೆಗೆದಿದ್ದಾನೆ ಎಂದು ಶಿವಮೊಗ್ಗದವರು. ಕರೆಂಟು ಹೋದದ್ದು ಕಾಣುವುದಿಲ್ಲವೇ ಎಂದು ಭದ್ರಾವತಿಯವರು. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಕೂತವರಿಗೆ ಕತ್ತಲೆ ಹೇಗೆ ಕಾಣಬೇಕು? ಯಾರೋ ಒಬ್ಬ "ಹಾಗಾದರೆ ನಮ್ಮ ದುಡ್ಡು ವಾಪಸ್ ಕೊಡಿ" ಅಂದ. ಅಲ್ಲಿಗೆ ಆಟ ಹೋಗಿ ಹಣದ ಮಾತು ಬಂತು. ಬೀದಿಯ ಕೊನೆಯ ಮನೆಯಲ್ಲಿ ಆ ಹೆಂಗಸಿಗೂ ಸುದ್ದಿ ಮುಟ್ಟಿತು. "ನನ್ನಿಂದ ಮಕ್ಕಳು ಜಗಳಾಡುವುದು ಬೇಡ, ನನಗೆ ಏನೂ ಬೇಡ" ಎಂದು ಅವರು ಹೇಳಿ ಕಳುಹಿಸಿದರು.

ಆ ಮಾತು ಕೇಳಿ ಆಪಾಗೆ ಕೂತಲ್ಲಿ ಕೂರಲಾಗಲಿಲ್ಲ. ತಮ್ಮ ಹಳೆಯ ಕೀಪ್ಯಾಡ್ ಫೋನ್ ತೆಗೆದು ಶಿವಮೊಗ್ಗದ ಹುಡುಗರಿಗೆ ಕರೆ ಮಾಡಿದರು. "ಸ್ಕೋರ್ ಎಷ್ಟಿತ್ತು ಬರೆದುಕೊಳ್ಳಿ. ಎಷ್ಟು ನಿಮಿಷ ಉಳಿದಿತ್ತು ಅದೂ ಬರೆದುಕೊಳ್ಳಿ. ನಾವೂ ಬರೆಯುತ್ತೇವೆ. ಉಳಿದ ಆಟ ಮುಂದಿನ ಭಾನುವಾರ ಶಿವಮೊಗ್ಗದಲ್ಲಿ, ಎಲ್ಲರೂ ಒಂದೇ ಕೋಣೆಯಲ್ಲಿ, ಮುಖ ನೋಡಿಕೊಂಡು. ಬರಲಾಗದವರು ಇದ್ದರೆ ಅವರ ನೂರು ರೂಪಾಯಿ ನನ್ನ ಹತ್ತಿರ ಇದೆ, ಈಗಲೇ ಕೇಳಿ."

ಇಬ್ಬರು ಕೇಳಿದರು. ಅವರಿಗೆ ಪರೀಕ್ಷೆ ಇತ್ತು. ಆಪಾ ಮುಖ ಸಿಂಡರಿಸದೆ ಕೊಟ್ಟರು. ಅದೇ ರಾತ್ರಿ ಲೆಕ್ಕದ ಪುಟದ ಫೋಟೋ ಎಲ್ಲರ ವಾಟ್ಸ್ಯಾಪ್‌ಗೆ ಹೋಯಿತು. ಬಂದದ್ದು 3200, ಹಿಂತಿರುಗಿಸಿದ್ದು 200, ಉಳಿದದ್ದು 3000. ಒಂದು ರೂಪಾಯಿಯೂ ಅತ್ತಿತ್ತ ಇಲ್ಲ.

ಮುಂದಿನ ಭಾನುವಾರ ಆಟದಲ್ಲಿ ಉಳಿದಿದ್ದ ಹನ್ನೊಂದು ಮಂದಿ ಶಿವಮೊಗ್ಗದಲ್ಲಿ ಸೇರಿದರು. ಭದ್ರಾವತಿಯಿಂದ ಐವರು ತಮ್ಮದೇ ಖರ್ಚಿನಲ್ಲಿ ಬಸ್ಸಿನಲ್ಲಿ ಬಂದರು. ಅಂದು ಇನ್ವರ್ಟರ್ ಇತ್ತು, ಬೇರೆ ಬೇರೆ ಕಂಪೆನಿಗಳ ಎರಡು ಸಿಮ್ ಕೂಡ ಸಿದ್ಧವಿದ್ದವು. ಅರ್ಧಕ್ಕೆ ನಿಂತಿದ್ದ ಪಂದ್ಯ 2-1ರಿಂದಲೇ ಮುಂದುವರಿಯಿತು. ಭದ್ರಾವತಿಯ ಹುಡುಗ ಸೋತ. ಸೋತು ಎದ್ದವನು ಎದುರಾಳಿಯ ಕೈ ಕುಲುಕಿದ. ಆ ಹುಡುಗ "ಆ ದಿನ ನಿನ್ನ ಮೇಲೆ ಸಂಶಯಪಟ್ಟೆ, ಮಾಫ್ ಮಾಡು" ಅಂದನಂತೆ. ವಾಟ್ಸ್ಯಾಪ್‌ನಲ್ಲಿ ಲೆಕ್ಕದ ಪುಟ ನೋಡಿದ್ದ ಹಿರಿಯರು ತಾವಾಗಿಯೇ ಕೊಟ್ಟದ್ದು ಸೇರಿ ಒಟ್ಟು 7150 ರೂಪಾಯಿ ಆಯಿತು. ದೊಡ್ಡ ಮೊತ್ತವಲ್ಲ. ಆದರೆ ಆ ಮನೆಗೆ ಕೆಲವು ತಿಂಗಳ ಬಸ್ಸಿನ ಖರ್ಚು.

ಪ್ರಿಯ ಸಹೋದರಿಯರೇ, ಇಂಥ ತೊಂದರೆ ನಮ್ಮ ಹುಡುಗರಿಗೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ 'ಗೇಮ್ಸ್ ಡನ್ ಕ್ವಿಕ್' ಎಂಬ ದಾನದ ಕೂಟವಿದೆ. ವಿಡಿಯೋ ಗೇಮ್‌ಗಳನ್ನು ಅತಿ ವೇಗವಾಗಿ ಮುಗಿಸಿ ತೋರಿಸುವವರು ಹಗಲೂ ರಾತ್ರಿ ಸರದಿಯಲ್ಲಿ ಆಡುತ್ತಾರೆ, ನೋಡುವವರು ದಾನ ನೀಡುತ್ತಾರೆ. 2010ರ ಜನವರಿಯಲ್ಲಿ ಮೈಕ್ ಉಯಾಮಾ ಎಂಬ ಯುವಕ ಗೆಳೆಯರೊಡನೆ ಸೇರಿ ಅದನ್ನು ವರ್ಜೀನಿಯಾದ ಒಂದು ಉತ್ಸವದಲ್ಲಿ ಆರಂಭಿಸಲು ಹೊರಟಿದ್ದ. ಅಲ್ಲಿ ಇಂಟರ್ನೆಟ್ ಕೈಕೊಟ್ಟಿತು. ಅವರು ಕೂಟವನ್ನು ಕೈಬಿಡಲಿಲ್ಲ. ಎಲ್ಲವನ್ನೂ ಹೊತ್ತುಕೊಂಡು ಅವನ ತಾಯಿಯ ಮನೆಯ ನೆಲಮಾಳಿಗೆಗೆ ಹೋದರು. ಅಲ್ಲಿಂದಲೇ 'ಕೇರ್' ಎಂಬ ಪರಿಹಾರ ಸಂಸ್ಥೆಗೆ ಹತ್ತು ಸಾವಿರ ಡಾಲರ್‌ಗೂ ಹೆಚ್ಚು ಸೇರಿಸಿದರು. ಹತ್ತು ವರ್ಷಗಳ ನಂತರ, 2020ರ ಜನವರಿಯ ಕೂಟದಲ್ಲಿ ಕ್ಯಾನ್ಸರ್ ತಡೆಯುವ ಕೆಲಸಕ್ಕಾಗಿ ಮೂವತ್ತು ಲಕ್ಷ ಡಾಲರ್‌ಗೂ ಹೆಚ್ಚು ಸೇರಿತು. ಇದನ್ನು ಓದಿದಾಗ ನನಗೆ ಆ ಡಾಲರ್‌ಗಿಂತ ಹೆಚ್ಚಾಗಿ ಆ ತಾಯಿ ನೆನಪಾದರು. ಮಗ ಒಂದು ದಂಡು ಹುಡುಗರನ್ನೂ ವೈರುಗಳನ್ನೂ ತಂದು ಮನೆ ತುಂಬಿಸಿದಾಗ ಆಕೆ ಬಾಗಿಲು ತೆರೆದಿರದಿದ್ದರೆ?

ಇನ್ನೊಂದು ಘಟನೆ ನಮ್ಮ ಹತ್ತಿರದ್ದು. 2021ರ ಜೂನ್ 13ರಂದು, ಕೊರೋನಾದ ಎರಡನೆಯ ಅಲೆಯ ದಿನಗಳಲ್ಲಿ, ಚೆಸ್ ದಿಗ್ಗಜ ವಿಶ್ವನಾಥನ್ ಆನಂದ್ ಆನ್‌ಲೈನ್‌ನಲ್ಲಿ ಹಲವು ಗಣ್ಯರೊಡನೆ ಆಡಿದರು. ನೆರವು ಬೆಂಗಳೂರಿನ ಅಕ್ಷಯ ಪಾತ್ರ ಸಂಸ್ಥೆಗೆ. ಆಡಿದವರಲ್ಲಿ ಆಮಿರ್ ಖಾನ್ ಇದ್ದರು, ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ನಟ ಸುದೀಪ್ ಇದ್ದರು, ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಇದ್ದರು. ಕಾಮತ್ ಆನಂದ್ ಅವರನ್ನೇ ಸೋಲಿಸಿದರು! ಜನ ಬೆರಗಾದರು, ಆಮೇಲೆ ಸಂಶಯಪಟ್ಟರು. ಮರುದಿನ ಅವರೇ ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರಿನ ಸಹಾಯ ಪಡೆದದ್ದಾಗಿ ಒಪ್ಪಿ ಕ್ಷಮೆ ಕೇಳಿದರು. ತಾನು ಹಲಗೆಯ ಮೇಲಿದ್ದ ಸ್ಥಿತಿಯನ್ನಷ್ಟೇ ನೋಡಿ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಮಾತನ್ನು ಆನಂದ್ ಹೇಳಿದರು.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ವರ್ಜೀನಿಯಾದಲ್ಲಿ ಯಂತ್ರ ಕೆಟ್ಟಿತು, ಒಂದು ನೆಲಮಾಳಿಗೆ ಸಿಕ್ಕಿದ್ದೇ ಸರಿಹೋಯಿತು. ಇಲ್ಲಿ ಯಂತ್ರ ಚೆನ್ನಾಗಿಯೇ ಇತ್ತು. ಆದರೂ ಮರುದಿನ ಜನರ ಬಾಯಲ್ಲಿದ್ದದ್ದು ಹಸಿದವರ ಊಟದ ಮಾತಲ್ಲ, ಮೋಸದ ಮಾತು. ದಾನದ ಕೆಲಸದಲ್ಲಿ ನೆಟ್‌ವರ್ಕ್ ಹೋದರೆ ಮತ್ತೆ ಬರುತ್ತದೆ. ವಿಶ್ವಾಸ ಹೋದರೆ ಯಾವ ಟವರೂ ಅದನ್ನು ಮರಳಿ ತಾರದು.

ಕಾನೂನಿನ ಒಂದು ಮಾತನ್ನೂ ತಿಳಿದಿರಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಬಗ್ಗೆ ಒಂದು ಕಾಯಿದೆಯನ್ನು ಅಂಗೀಕರಿಸಿತು. ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಅದೃಷ್ಟದ್ದಾಗಲಿ ಕೌಶಲದ್ದಾಗಲಿ, ಅದು ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿಯವರೆಗೆ ದಂಡ. ಇ-ಸ್ಪೋರ್ಟ್ಸ್, ಅಂದರೆ ಕ್ರೀಡೆಯಾಗಿ ನಡೆಯುವ ವಿಡಿಯೋ ಗೇಮ್ ಸ್ಪರ್ಧೆಗಳನ್ನು ಅದು ಬೇರೆಯಾಗಿ ಕಾಣುತ್ತದೆ. ಆದರೂ ನಾಲ್ಕು ಹುಡುಗರು ಸೇರಿ ನಡೆಸುವ ಸಣ್ಣ ಕೂಟದಲ್ಲಿ ಆಟಗಾರರ ಹಣವನ್ನೂ ಬಹುಮಾನವನ್ನೂ ಒಂದೇ ಡಬ್ಬಿಯಲ್ಲಿ ಹಾಕದಿರುವುದೇ ಜಾಣತನ. ನಮ್ಮ ಮನೆಗಳಲ್ಲಿ ಜೂಜು ಹರಾಮ್ ಎಂಬುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಿರಲಿಲ್ಲ. ಆಪಾ ಕೇಳಿದ ಪ್ರಶ್ನೆ ಎರಡಕ್ಕೂ ಉತ್ತರವಾಯಿತು.

ನಿಮ್ಮ ಮಕ್ಕಳೂ ಇಂಥದ್ದೊಂದು ಯೋಚನೆ ಹೊತ್ತು ತಂದರೆ ಕೂಡಲೇ ಬೈಯಬೇಡಿ. ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳಿ. ಯಾವ ಆಟ, ಕಿರಿಯರು ನೋಡಬಹುದಾದದ್ದೇ? ಸಂಪರ್ಕ ಕಡಿದರೆ ಏನು ನಿಯಮ? ಇದನ್ನು ಮೊದಲೇ ಬರೆದು ಎಲ್ಲರಿಗೂ ಓದಿ ಹೇಳಲಿ. ಕಡಿದ ಮೇಲೆ ಮಾಡುವ ನಿಯಮ ಯಾರಿಗಾದರೂ ಅನ್ಯಾಯವಾಗಿಯೇ ಕಾಣುತ್ತದೆ. ಅಪ್‌ಡೇಟ್ ಹಿಂದಿನ ರಾತ್ರಿಯೇ ಮುಗಿದಿರಲಿ. ಪ್ರತಿ ಪಂದ್ಯದ ಕೊನೆಯಲ್ಲಿ ಪರದೆಯ ಚಿತ್ರ ತೆಗೆದಿಡಲಿ, ಜೊತೆಗೆ ಫಲಿತಾಂಶವನ್ನು ಕಾಗದದ ಮೇಲೂ ಬರೆಯಲಿ. ಕರೆಂಟು ಹೋದರೂ ಕಾಗದ ಆರುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ವೈಫೈಗೆ ಒಂದು ಬ್ಯಾಟರಿ ಇರಲಿ. ನಮಾಝ್‌ನ ಮತ್ತು ಊಟದ ಸಮಯ ವೇಳಾಪಟ್ಟಿಯಲ್ಲೇ ಇರಲಿ. ಹಣ ಆಡುವವರ ಕೈಯಲ್ಲಿ ಬೇಡ, ಆಡದ ಹಿರಿಯರೊಬ್ಬರ ಕೈಯಲ್ಲಿರಲಿ. ಲೆಕ್ಕ ಅಂದೇ ಎಲ್ಲರ ಮುಂದೆ ಬರಲಿ. ಕೊಡಿಸಿದ ಹಣ ಅಮಾನತ್ ಎಂಬುದನ್ನು ಹುಡುಗರು ಉಪದೇಶದಿಂದ ಕಲಿಯುವುದಕ್ಕಿಂತ ಆ ಒಂದು ಪುಟದಿಂದ ಬೇಗ ಕಲಿಯುತ್ತಾರೆ. ನೆರವು ಪಡೆಯುವವರ ಹೆಸರನ್ನೂ ಚಿತ್ರವನ್ನೂ ಪೋಸ್ಟರಿನಲ್ಲಿ ಹಾಕುವುದು ಮಾತ್ರ ಬೇಡ. ಅವರಿಗೂ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಿದೆ.

ಆ ಹೆಂಗಸಿಗೆ ಹಣ ತಲುಪಿಸಿದ್ದು ಆಪಾ ಒಬ್ಬರೇ, ಇಶಾ ಆದ ಮೇಲೆ, ಲಕೋಟೆಯಲ್ಲಿ. ಹುಡುಗರಲ್ಲಿ ಯಾರೂ ಹೋಗಲಿಲ್ಲ. ಅವರು ಲಕೋಟೆ ಕೈಗೆ ತೆಗೆದುಕೊಂಡು ಮೊದಲು ಕೇಳಿದ್ದು "ಮಕ್ಕಳು ಒಂದಾದರಾ?" ಎಂದು. ಒಂದಾದರು ಎಂದ ಮೇಲೆಯೇ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡರಂತೆ.

ಮೊನ್ನೆ ಆಪಾ ಮನೆಗೆ ಹೋಗಿದ್ದೆ. ಊಟಕ್ಕೆ ಕರೆದರೆ ಅಳಿಯ ಮಹಾಶಯ ಈಗಲೂ "ಒಂದೇ ನಿಮಿಷ ಅಮ್ಮೀ" ಎಂದೇ ಅನ್ನುತ್ತಾನೆ. ಸಾರು ಈಗಲೂ ತಣ್ಣಗಾಗುತ್ತದೆ. ಆಪಾ ಈಗಲೂ ಬೈಯುತ್ತಾರೆ. ಬೈದ ಮೇಲೆ ಒಳಗೆ ಹೋಗಿ ಆ ಲೆಕ್ಕದ ಪುಸ್ತಕ ತಂದು ನನಗೆ ತೋರಿಸಿದರು. ಮುಂದಿನ ಪುಟದ ತಲೆಯಲ್ಲಿ ಹುಡುಗನ ಅಕ್ಷರದಲ್ಲಿ ಒಂದೇ ಸಾಲು ಇತ್ತು: 'ಎರಡನೇ ವರ್ಷ. ನಿಯಮ 1: ಕರೆಂಟು ಹೋದರೆ...'