ಕೆಂಪು ಪೆನ್ನಿನ ಮಿಸ್ಸು

ಕಳೆದ ವಾರ ಹಳೇ ಆಫೀಸಿನ ಗೆಳತಿ ಫೋನ್ ಮಾಡಿದ್ದಳು. "ಏನೇ, ಮಕ್ಕಳ ಜೊತೆ ಆರಾಮಾಗಿದ್ದೀಯಾ? ಡೆಡ್‌ಲೈನ್ ಇಲ್ಲ, ಕ್ಲೈಂಟ್ ಕಾಲ್ ಇಲ್ಲ" ಅಂದಳು. ಆಗ ನನ್ನ ಮುಂದೆ 38 ನೋಟ್‌ಬುಕ್ ಇದ್ದವು, ಪಕ್ಕದಲ್ಲಿ ಮರುದಿನದ ಪಾಠಯೋಜನೆ ಅರ್ಧಕ್ಕೆ ನಿಂತಿತ್ತು, ಗಂಟೆ ರಾತ್ರಿ ಹನ್ನೊಂದೂವರೆ. "ಹೂಂ ಕಣೇ, ಆರಾಮು" ಅಂದೆ.

ಈ ಅಂಕಣ ಹೊಸದಾಗಿ ಓದ್ತಿರೋರಿಗೆ ಒಂದು ಮಾತು. ನಾನೀಗ ಬಿ.ಎಡ್. ಎರಡನೇ ವರ್ಷ. ಈ ವರ್ಷ 16 ವಾರ ಶಾಲೆಯಲ್ಲೇ ಇದ್ದು ಪಾಠ ಮಾಡಬೇಕು. ನನಗೆ ಸಿಕ್ಕಿದ್ದು ಬೆಂಗಳೂರಿನ ಅಂಚಿನಲ್ಲಿರೋ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ತರಗತಿ, ಕನ್ನಡ.

ಮೊದಲ ವಾರ 'ನಮ್ಮ ಊರು' ಅಂತ ಪ್ರಬಂಧ ಬರೆಸಿದೆ. 38ರಲ್ಲಿ 29 ಮಕ್ಕಳು "ಭಾರತವು ಹಳ್ಳಿಗಳ ದೇಶ" ಅಂತ ಶುರು ಮಾಡಿದ್ದರು. ಎಲ್ಲರ ಊರಲ್ಲೂ ಹಚ್ಚ ಹಸಿರಾದ ಹೊಲಗದ್ದೆ, ಎಲ್ಲರ ಊರ ಪಕ್ಕದಲ್ಲೂ ಜುಳುಜುಳು ಹರಿಯುವ ನದಿ. ನಮ್ಮ ಶಾಲೆಯ ಪಕ್ಕ ಹರಿಯೋದು ರಾಜಕಾಲುವೆ. ಅದು ಜುಳುಜುಳು ಅನ್ನೋದಿಲ್ಲ, ಮಳೆ ಬಂದ ದಿನ ನೇರ ಒಳಗೇ ಬರುತ್ತೆ. ಅದನ್ನ ಒಬ್ಬರೂ ಬರೆದಿರಲಿಲ್ಲ. ನಗೋಕೆ ನನಗೆ ಹಕ್ಕಿಲ್ಲ ಬಿಡಿ. ನಾನೂ ಶಾಲೆಯಲ್ಲಿ ಇದೇ ನದಿ ಹರಿಸಿ ಹತ್ತಕ್ಕೆ ಒಂಬತ್ತು ತಗೊಂಡವಳೇ.

ಒಂದು ನೋಟ್‌ಬುಕ್ ಮಾತ್ರ ಬೇರೆ ಥರ ಇತ್ತು. ಮೂರನೇ ಬೆಂಚಿನ ಹುಡುಗಿಯದು. ಯಾದಗಿರಿ ಕಡೆಯವಳು, ಅಪ್ಪ ಅಮ್ಮ ಇಬ್ಬರೂ ಅಪಾರ್ಟ್‌ಮೆಂಟ್ ಕಟ್ಟೋ ಕೆಲಸಕ್ಕೆ ಬಂದವರು. ಮೊದಲ ದಿನ ನನ್ನನ್ನ "ಅಕ್ಕೋರ" ಅಂತ ಕರೆದಿದ್ದಳು, ಕ್ಲಾಸೆಲ್ಲಾ ನಕ್ಕಿತ್ತು, ಮರುದಿನದಿಂದ ಎಲ್ಲರ ಹಾಗೆ "ಮಿಸ್" ಶುರುವಾಯ್ತು. ಅವಳು ಬರೆದದ್ದು ಹೀಗಿತ್ತು:

"ನಮ್ಮೂರು ದೂರ ಐತಿ. ರಾತ್ರಿ ಬಸ್ಸಿಗೆ ಕುಂತ್ರ ಮುಂಜಾನಿ ಇಳೀತೀವಿ. ಮನ್ಯಾಗ ಆಯಿ ಒಬ್ಬಾಕಿನ ಅದಾಳ. ಇಲ್ಲಿ ನಾವು ಶೆಡ್ಡಿನ್ಯಾಗ ಇರ್ತೀವಿ. ಬಿಲ್ಡಿಂಗ್ ಮುಗದ ಮ್ಯಾಲ ಶೆಡ್ ಕಿತ್ತು ಬ್ಯಾರೆ ಕಡಿ ಹಾಕ್ತಾರ. ಹಂಗಾಗಿ ನಮ್ಮೂರು ಯಾವ್ದು ಅಂತ ಕೇಳಿದ್ರ ನನಗ ತಿಳೀವಲ್ದು."

ಇದನ್ನ ಈಗ ಟೈಪ್ ಮಾಡುವಾಗಲೂ ಕೊನೇ ಸಾಲಿಗೆ ಬಂದಾಗ ಕೈ ನಿಲ್ಲುತ್ತೆ. ಅವತ್ತು ನಿಂತಿರಲಿಲ್ಲ. ಅವತ್ತು ನನ್ನ ಕೈಯಲ್ಲಿ ಹೊಸ ಕೆಂಪು ಪೆನ್ನಿತ್ತು. 'ಐತಿ' ಹೊಡೆದು 'ಇದೆ', 'ಮುಂಜಾನಿ' ಹೊಡೆದು 'ಬೆಳಿಗ್ಗೆ', 'ತಿಳೀವಲ್ದು' ಸುತ್ತ ಒಂದು ಸುತ್ತು. ಕೆಳಗೆ "ಶುದ್ಧ ಭಾಷೆ ಬಳಸಿ. ಪೀಠಿಕೆ ಎಲ್ಲಿ? ಉಪಸಂಹಾರ ಇಲ್ಲ" ಅಂತ ಬರೆದು, ಹತ್ತಕ್ಕೆ ನಾಲ್ಕು ಕೊಟ್ಟೆ. ನದಿ ಹರಿಸಿದವರಿಗೆಲ್ಲ ಏಳು, ಎಂಟು.

ಎರಡು ವಾರ ಬಿಟ್ಟು 'ನನ್ನ ಮೆಚ್ಚಿನ ಹಬ್ಬ' ಬರೆಸಿದೆ. ಅವಳೂ "ಭಾರತವು ಹಬ್ಬಗಳ ನಾಡು" ಅಂತ ಶುರು ಮಾಡಿದ್ದಳು. ಪೀಠಿಕೆ ಇತ್ತು, ಉಪಸಂಹಾರ ಇತ್ತು. ನನ್ನ ಮಾರ್ಗದರ್ಶಕ ಮೇಡಂ ನೋಡಿ "ಪರವಾಗಿಲ್ವೇ, ಸುಧಾರಿಸಿದಾಳೆ" ಅಂದರು. ನನಗೂ ಖುಷಿಯಾಯ್ತು, ಏಳು ಕೊಟ್ಟೆ. ಮುಂದಿನ ನೋಟ್‌ಬುಕ್ ತೆಗೆದೆ. ಅದು ಅವಳ ಪಕ್ಕ ಕೂರೋ ಹುಡುಗಿಯದು. ಅದೇ ಪ್ರಬಂಧ, ಸಾಲು ಸಾಲಿಗೆ ಅದೇ. ಪಕ್ಕದವಳು 'ಸಂಭ್ರಮ' ಅನ್ನೋದನ್ನ 'ಸಂಬ್ರಮ' ಅಂತ ಬರೆದಿದ್ದಳು, ಇವಳದ್ದರಲ್ಲೂ 'ಸಂಬ್ರಮ'ವೇ.

ಅವತ್ತು ರಾತ್ರಿ ಎರಡೂ ಪ್ರಬಂಧ ಎದುರಿಗಿಟ್ಕೊಂಡು ಕೂತೆ. ಹನ್ನೊಂದು ವರ್ಷದ ಮಗುವಿಗೆ ನಾನು ಎರಡೇ ವಾರದಲ್ಲಿ ಒಂದು ವಿಷಯ ಚೆನ್ನಾಗಿ ಕಲಿಸಿದ್ದೆ. ನಿಂದು ಬರೆದರೆ ನಾಲ್ಕು, ಪಕ್ಕದವಳದ್ದು ಬರೆದರೆ ಏಳು.

ಇದರಲ್ಲಿ ಇನ್ನೊಂದು ಮುಜುಗರ ಇದೆ. ಧಾರವಾಡದ ಆಡುಮಾತಲ್ಲಿ ಬರೆದ ಬೇಂದ್ರೆಯವರಿಗೆ ಜ್ಞಾನಪೀಠ ಬಂತು. ನಂಜನಗೂಡು ಸೀಮೆಯ ಮಾತಲ್ಲೇ ದೇವನೂರ ಮಹಾದೇವ ಬರೆದ 'ಕುಸುಮಬಾಲೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿ.ಎ.ನಲ್ಲಿ ನಾನು 'ದೇಸಿ ಸೊಗಡು' ಅಂತ ಎರಡು ಪುಟ ಉತ್ತರ ಬರೆದು ಪಾಸಾಗಿದ್ದೀನಿ. ಅದೇ ಸೊಗಡು ಮೂರನೇ ಬೆಂಚಿಂದ ಬಂದಾಗ ಕೆಂಪು ಸುತ್ತು ಹಾಕಿದೆ. ಮಗುವಿನ ಮನೆಮಾತಿಗೆ ತರಗತಿಯಲ್ಲಿ ಜಾಗ ಇರಬೇಕು ಅಂತ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹೇಳಿದೆ. ಅದನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.

ಮೇಡಂ ಹತ್ತಿರ ಇದನ್ನೆಲ್ಲ ಹೇಳಿದೆ. ಇಪ್ಪತ್ತು ವರ್ಷ ಪಾಠ ಮಾಡಿದವರು, ಬೈಯಲಿಲ್ಲ. "ನೀವು ಹೇಳೋದು ಸರೀಮ್ಮ. ಆದ್ರೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋರು ನೀವಲ್ಲ, ನಾನಲ್ಲ. ಅಲ್ಲಿ 'ಐತಿ' ಅಂತ ಬರೆದು ಅಂಕ ಹೋದ್ರೆ ಅವಳ ಪರವಾಗಿ ಯಾರು ಹೋಗಿ ಕೇಳ್ತಾರೆ? ಬೇಂದ್ರೆಯವರಿಗೆ 'ಇದೆ' ಅನ್ನೋದೂ ಗೊತ್ತಿತ್ತು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಎರಡೂ ಬೇಕು, ಸರಿ. ಯಾವುದು ಮೊದಲು ಅನ್ನೋದಷ್ಟೇ ನನ್ನ ತಕರಾರು.

ಒಂದನೇ ಕ್ಲಾಸಿನಲ್ಲಿ ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಒಂದು ಒಳ್ಳೇ ಉತ್ತರ ಇದೆ. ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ಅಲ್ಲಿ ಅಆಇಈ ಕ್ರಮದಲ್ಲಿ ಕಲಿಸೋದಿಲ್ಲ, ರ ಗ ಸ ದ ಅ ಇಂದ ಶುರು. ಯಾಕಂದ್ರೆ ಈ ಐದೇ ಅಕ್ಷರ ಬಂದರೂ ಮಗು ಸರ, ಅರಸ, ಗರಗಸ ಅಂತ ಬರೆದುಬಿಡುತ್ತೆ. ಎಲ್ಲಾ ಅಕ್ಷರ ಮುಗೀಲಿ ಅಂತ ಕಾಯೋದೇ ಇಲ್ಲ. ಅಂಥ ಮಕ್ಕಳು ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ನಾವು ಪೀಠಿಕೆ, ಉಪಸಂಹಾರ ಅಂತ ಬಾಗಿಲಲ್ಲೇ ನಿಲ್ಲಿಸ್ತೀವಿ.

ಹಾಗಾಗಿ ಸಣ್ಣದೊಂದು ಬದಲಾವಣೆ ಮಾಡಿದೆ. ದಿನಾ ಪೀರಿಯಡ್ಡಿನ ಮೊದಲ ಹತ್ತು ನಿಮಿಷ, ಇವತ್ತು ಮನೆಯಿಂದ ಶಾಲೆಗೆ ಬರುವಾಗ ಕಂಡದ್ದು ಐದು ಸಾಲು. 'ಭಾರತವು' ಅಂತ ಶುರು ಮಾಡೋ ಹಾಗಿಲ್ಲ. ಅಂಕ ಇಲ್ಲ. ನಾನು ಪೆನ್ಸಿಲ್ಲಲ್ಲಿ ಒಂದು ಪ್ರಶ್ನೆ ಮಾತ್ರ ಬರೀತೀನಿ, "ಆಮೇಲೆ ಏನಾಯ್ತು?" ಅನ್ನೋ ಥರದ್ದು. ಶುಕ್ರವಾರ ಐದರಲ್ಲಿ ಒಂದನ್ನ ಅವರೇ ಆರಿಸಿ ಪುಸ್ತಕದ ಭಾಷೆಗೆ ತರಬೇಕು. ತಿದ್ದೋದು ಅವತ್ತೇ.

ಮೊದಲ ವಾರ ಏನೂ ಸರಿಹೋಗಲಿಲ್ಲ. "ಮಿಸ್, ಏನೂ ಕಾಣಲಿಲ್ಲ" ಅಂತ ಅರ್ಧ ಕ್ಲಾಸು. ಆಮೇಲೆ ನಿಧಾನಕ್ಕೆ ಬರತೊಡಗಿತು. ಒಬ್ಬ ರಸ್ತೆಗುಂಡಿಯಲ್ಲಿ ಸಿಕ್ಕಿಕೊಂಡ ನೀರಿನ ಟ್ಯಾಂಕರ್ ಬಗ್ಗೆ ಮೂರು ದಿನ ಧಾರಾವಾಹಿ ಬರೆದ. 'ಹ'ಕಾರ 'ಅ'ಕಾರ ಅದಲುಬದಲಾಗೋ ನಮ್ಮ ಮೈಸೂರು ಸೀಮೆಯ ಕಾಯಿಲೆ ಇರೋ ಇನ್ನೊಬ್ಬ "ಅಮ್ಮ ಹಕ್ಕಿ ತೊಳೆದು ಕುಕ್ಕರಿಗೆ ಹಾಕಿದರು" ಅಂತ ಬರೆದ. ಗಟ್ಟಿಯಾಗಿ ಓದಿಸಿದೆ, ಅವನೇ ಮೊದಲು ನಕ್ಕ, ತಾನೇ ತಿದ್ದಿಕೊಂಡ.

ಮೂರನೇ ಬೆಂಚಿನವಳು ಮಾತ್ರ ಪಕ್ಕದವಳನ್ನ ನೋಡಿಯೇ ಬರೀತಿದ್ದಳು. ಒಂದು ದಿನ ಊಟದ ಬಿಡುವಲ್ಲಿ ಕರೆದು, "ನಿನ್ನ ಮೊದಲನೇ ಪ್ರಬಂಧ ನಾನು ಸರಿಯಾಗಿ ಓದಿರಲಿಲ್ಲ ಪುಟ್ಟಾ, ತಪ್ಪು ನಂದು" ಅಂದೆ. ತಲೆ ಬಗ್ಗಿಸಿ "ಹೋಗ್ಲಿ ಬಿಡಿ ಮಿಸ್" ಅಂದಳು. ಆ 'ಬಿಡಿ' ಕೂಡ ಬೆಂಗಳೂರಿನದೇ.

ಆಮೇಲೆ ಪತ್ರಲೇಖನ ಬಂತು. ರಜೆ ಚೀಟಿ. ನಿಮಗೂ ನೆನಪಿರಬೇಕಲ್ಲ, "ನನಗೆ ಜ್ವರ ಬಂದಿರುವುದರಿಂದ..." ದೇಶದ ಎಲ್ಲಾ ಮಕ್ಕಳಿಗೂ ರಜೆ ಚೀಟಿಯಲ್ಲಿ ಜ್ವರವೇ ಬರೋದು, ನಾವು ಆಫೀಸಿಗೆ ಹಾಕೋ ಸಿಕ್ ಲೀವ್ ಮೇಲ್ ಕೂಡ ಅದೇ ಚೀಟಿಯ ದೊಡ್ಡ ಆವೃತ್ತಿ ತಾನೆ? ನಾನು ಬೋರ್ಡಿನ ಮೇಲೆ ವಿಳಾಸ, ದಿನಾಂಕ, 'ಮಾನ್ಯರೇ', 'ಇಂತಿ ತಮ್ಮ ವಿಧೇಯ' ಎಲ್ಲ ಬರೆದು, ಕಾರಣದ ಜಾಗ ಖಾಲಿ ಬಿಟ್ಟೆ. "ನಿಜವಾದ ಕಾರಣ ಬರೀರಿ, ನಾನು ಬೈಯಲ್ಲ" ಅಂದೆ.

ಮರುವಾರ ಅವಳು ಎರಡು ದಿನ ಬರಲಿಲ್ಲ. ಮೂರನೇ ದಿನ ಪಕ್ಕದವಳ ಕೈಯಲ್ಲಿ ಚೀಟಿ ಬಂತು. ವಿಳಾಸ, ದಿನಾಂಕ ಎಲ್ಲ ನೀಟಾಗಿತ್ತು. ನಡುವೆ: "ನನಗೆ ಜ್ವರ ಬಂದಿರುವುದಿಲ್ಲ. ಅವ್ವ ಕೆಲಸಕ್ಕ ಹೋದ್ರ ತಮ್ಮನ್ನ ಹಿಡಿಯಾಕ ಯಾರೂ ಇಲ್ಲ. ಅಂವ ಕಬ್ಬಿಣದ ಸಳಿ ಇರೋ ಕಡಿ ಹೋಗ್ತಾನ. ಆದ್ದರಿಂದ ರಜೆ ನೀಡಬೇಕಾಗಿ ಬೇಡಿಕೊಳ್ಳುತ್ತೇನೆ."

ಮೇಡಂಗೆ ತೋರಿಸಿದೆ. ಕನ್ನಡಕ ತೆಗೆದು, ಮತ್ತೆ ಹಾಕ್ಕೊಂಡು ಎರಡು ಸಲ ಓದಿದರು. ಭಾಷೆ ಬಗ್ಗೆ ಒಂದು ಮಾತೂ ಆಡಲಿಲ್ಲ. "ತಮ್ಮನ್ನ ಕರ್ಕೊಂಡೇ ಬರೋಕೆ ಹೇಳಿ. ಅಂಗನವಾಡಿ ಆಯಮ್ಮನ ಹತ್ರ ನಾನು ಮಾತಾಡ್ತೀನಿ" ಅಂದರು.

ಅವಳು ಬಂದ ದಿನವೇ ನಮ್ಮ ಕಾಲೇಜಿನ ಮೇಲ್ವಿಚಾರಕರು ನನ್ನ ಪಾಠ ನೋಡೋಕೆ ಬಂದಿದ್ದರು. ಅಂಗನವಾಡಿಯಲ್ಲಿ ತಮ್ಮ ಹತ್ತೇ ನಿಮಿಷ ಇದ್ದದ್ದು, ಅತ್ತುಕೊಂಡು ಅಕ್ಕನನ್ನ ಹುಡುಕ್ಕೊಂಡು ಬಂದುಬಿಟ್ಟ. ಇಡೀ 40 ನಿಮಿಷ ಅವಳ ತೊಡೆ ಮೇಲೆ ಕೂತು ಡಸ್ಟರ್ ನೆಲಕ್ಕೆ ಬಡೀತಿದ್ದ. ನನ್ನ ವೀಕ್ಷಣಾ ವರದಿಯಲ್ಲಿ "ತರಗತಿ ನಿರ್ವಹಣೆ ಸುಧಾರಿಸಬೇಕು" ಅಂತಿದೆ.

ಶುಕ್ರವಾರ ತಿದ್ದೋ ದಿನ. ಅವಳು ತಾನಾಗೇ ನೋಟ್‌ಬುಕ್ ತಂದಳು. ಸಳಿ, ತಮ್ಮ, ಮರಳಿನ ಗುಡ್ಡೆ, ಒಂದೂವರೆ ಪುಟ ಇತ್ತು. ನಾನು ಟೇಬಲ್ ಮೇಲೆ ಏನೋ ಹುಡುಕ್ತಿದ್ದೆ.

"ಪೆನ್ಸಿಲ್ಲಿನ್ಯಾಗ ತಿದ್ರಿ ಅಕ್ಕೋರ" ಅಂದಳು. "ಪೆನ್ನಿನ್ಯಾಗ ಬ್ಯಾಡ್ರಿ."