ಬಾಣಂತಿಯ ತಟ್ಟೆಗೆ ಬೇಳೆಯೋ, ಮರಿಗೋಸೋ?

ಸೊರಬ ತಾಲ್ಲೂಕಿನ ಆನವಟ್ಟಿಯ ಕಡೆಯ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಮಗಳು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ಆಸ್ಪತ್ರೆಯಲ್ಲಿ ಪರೀಕ್ಷಿಸಿದವರು ರಕ್ತ ಕಡಿಮೆಯಿದೆ ಎಂದು ಹೇಳಿ ಮಾತ್ರೆ ಕೊಟ್ಟು ಕಳುಹಿಸಿದ್ದಾರೆ. ಮನೆಯ ಹಿರಿಯರು ಬೇಳೆ ವಾಯುಪದಾರ್ಥವೆಂದು ಅದನ್ನು ಮೊದಲೇ ನಿಲ್ಲಿಸಿದ್ದರು. ಈ ನಡುವೆ ಬೆಂಗಳೂರಿನಿಂದ ಬಂದ ನೆಂಟರು ನಿಂಬೆಯ ಗಾತ್ರದ ಹಸಿರು ಕೋಸುಗಳ ಪೊಟ್ಟಣವೊಂದನ್ನು ಕೊಟ್ಟು, ಬೇಳೆಗಿಂತ ಇದೇ ಹೆಚ್ಚು ಪುಷ್ಟಿಕರ, ಇದನ್ನೇ ಬೇಯಿಸಿ ಕೊಡಿರೆಂದರಂತೆ. ಇವೆರಡರಲ್ಲಿ ಯಾವುದು ಮೇಲು ಎಂಬುದು ಆ ತಾಯಿಯ ಪ್ರಶ್ನೆ. ಇದು ಅನೇಕ ಮನೆಗಳ ಪ್ರಶ್ನೆಯೂ ಹೌದಾದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಆ ಪುಟ್ಟ ಕೋಸಿನ ಹೆಸರು ಬ್ರಸೆಲ್ಸ್ ಸ್ಪ್ರೌಟ್ಸ್. ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್ ನಗರದಿಂದ ಅದಕ್ಕೆ ಆ ಹೆಸರು ಬಂದಿದೆ. ಎಲೆಕೋಸು, ಹೂಕೋಸು, ನವಿಲುಕೋಸುಗಳ ಕುಲಕ್ಕೇ ಸೇರಿದ್ದು. ಉದ್ದನೆಯ ದಂಟಿನ ಮೇಲೆ, ಒಂದೊಂದು ಎಲೆಯ ಕಂಕುಳಲ್ಲೂ ಒಂದೊಂದು ಮರಿಯಂತೆ ಕಟ್ಟಿಕೊಳ್ಳುವುದರಿಂದ ನಾವು ಇಲ್ಲಿ ಅದನ್ನು ಮರಿಗೋಸು ಎಂದು ಕರೆಯೋಣ. ಅದಕ್ಕೆ ತಂಪು ಹವೆ ಬೇಕು. ನಮ್ಮ ನೆರೆಯ ನೀಲಗಿರಿಯಂತಹ ಎತ್ತರದ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಶಿಕಾರಿಪುರ, ಸೊರಬದ ಸಂತೆಗಳಲ್ಲಿ ಹುಡುಕಿದರೆ ಸಿಗುವ ಪದಾರ್ಥವಲ್ಲ. ಸ್ಪ್ರೌಟ್ಸ್ ಎಂಬ ಮಾತಿನಿಂದ ಇನ್ನೊಂದು ಗೊಂದಲವೂ ಆಗುತ್ತದೆ. ಪೇಟೆಯವರು ಮೊಳಕೆಕಾಳಿಗೂ ಅದೇ ಮಾತನ್ನು ಆಡುತ್ತಾರೆ. ಮೊಳಕೆ ಬರಿಸಿದ ಹೆಸರುಕಾಳು ಬೇರೆ, ಈ ಮರಿಗೋಸು ಬೇರೆ.

ಈಗ ಎರಡನ್ನೂ ತಕ್ಕಡಿಯಲ್ಲಿ ಇಡೋಣ. ಬೇಯಿಸಿದ ಚನ್ನಂಗಿ ಬೇಳೆ, ಎಂದರೆ ಮಸೂರ, 100 ಗ್ರಾಂನಲ್ಲಿ ಸುಮಾರು 9 ಗ್ರಾಂ ಸಸಾರಜನಕ ಇರುತ್ತದೆ. ಬೇಯಿಸಿದ ತೊಗರಿಯಲ್ಲಿ ಸುಮಾರು 7 ಗ್ರಾಂ. ಅಷ್ಟೇ ತೂಕದ ಬೆಂದ ಮರಿಗೋಸಿನಲ್ಲಿ ಇರುವುದು ಎರಡೂವರೆ ಗ್ರಾಂ ಮಾತ್ರ. ಒಂದು ಬಟ್ಟಲು ಗಟ್ಟಿ ಬೇಳೆಯ ಸಸಾರಜನಕವನ್ನು ಮರಿಗೋಸಿನಿಂದಲೇ ಪಡೆಯಬೇಕೆಂದರೆ ಮುನ್ನೂರೈವತ್ತು ಗ್ರಾಂನಷ್ಟು ತಿನ್ನಬೇಕಾದೀತು. ಹಸಿ ಬಾಣಂತಿಯಿಂದ ಅದು ಆಗುವ ಕೆಲಸವೇ? ಕಬ್ಬಿಣಾಂಶ ಮಸೂರದಲ್ಲಿ 3.3 ಮಿಲಿಗ್ರಾಂ, ಮರಿಗೋಸಿನಲ್ಲಿ 1.2. ರಕ್ತ ಕಟ್ಟಲು ಬೇಕಾದ ಫೋಲೇಟ್ ಎಂಬ ಜೀವಸತ್ವವೂ ಮಸೂರದಲ್ಲಿ ಮೂರು ಪಟ್ಟು ಹೆಚ್ಚು. ನಾರು, ಶಕ್ತಿ ಎರಡರಲ್ಲೂ ಬೇಳೆಯದೇ ಮೇಲುಗೈ.

ಹಾಗೆಂದು ಮರಿಗೋಸನ್ನು ಹಳಿಯುವಂತಿಲ್ಲ. ಅದರ ಹಿರಿಮೆ ಬೇರೆಡೆ ಇದೆ. ಬೆಂದ ಮರಿಗೋಸಿನ 100 ಗ್ರಾಂನಲ್ಲಿ ಸಿ ಜೀವಸತ್ವ ಸುಮಾರು 62 ಮಿಲಿಗ್ರಾಂ ಉಳಿದಿರುತ್ತದೆ; ಬೆಂದ ಬೇಳೆಯಲ್ಲಿ ಅದು ಒಂದೂವರೆ ಮಿಲಿಗ್ರಾಂ, ಇಲ್ಲವೆಂದೇ ಹೇಳಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವವೂ ಮರಿಗೋಸಿನಲ್ಲಿ ಧಾರಾಳವಾಗಿದೆ. (ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ನುಂಗುತ್ತಿರುವವರು ಮಾತ್ರ ಕೋಸು, ಸೊಪ್ಪುಗಳನ್ನು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಮಾಡದೆ ವೈದ್ಯರನ್ನು ಕೇಳಿಯೇ ತಿನ್ನಬೇಕು.)

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬೇಳೆಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ನಮ್ಮ ಕರುಳು ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳಿನಲ್ಲಿಯೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಹೆಚ್ಚುತ್ತದೆ. ಆದ್ದರಿಂದ ಇವೆರಡು ಒಂದರ ಬದಲಿಗೆ ಇನ್ನೊಂದು ನಿಲ್ಲುವಂಥವಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುವಂಥವು. ಆದರೆ ಬೇಳೆ ಕೊಡುವ ಸಸಾರಜನಕಕ್ಕೆ ನಮ್ಮಂಥ ಶಾಕಾಹಾರಿ ಮನೆಗಳಲ್ಲಿ ಹಾಲು, ಮೊಸರು ಬಿಟ್ಟರೆ ಬೇರೆ ದೊಡ್ಡ ಆಸರೆಯಿಲ್ಲ. ಮರಿಗೋಸು ಕೊಡುವ ಸಿ ಜೀವಸತ್ವಕ್ಕಾದರೋ ಹಿತ್ತಲಲ್ಲೇ ಹತ್ತು ದಾರಿಗಳಿವೆ. ಬಟ್ಟಲಿಗೆ ಹಿಂಡಿದ ಅರ್ಧ ನಿಂಬೆ, ಒಂದು ಸೀಬೆಹಣ್ಣು, ಕಾಲಕ್ಕೆ ಸಿಕ್ಕುವ ನೆಲ್ಲಿಕಾಯಿ! ಸೀಬೆ, ನೆಲ್ಲಿಗಳೆರಡರಲ್ಲೂ 100 ಗ್ರಾಂಗೆ 200 ಮಿಲಿಗ್ರಾಂಗೂ ಮೇಲ್ಪಟ್ಟು ಸಿ ಜೀವಸತ್ವ ಇದೆ. ಬೆಂದ ಮರಿಗೋಸಿನ ಮೂರು ಪಟ್ಟಿಗೂ ಹೆಚ್ಚು. ಸಂತೆಯ ಎಲೆಕೋಸಿನಲ್ಲಿಯೂ ಅದು ತಕ್ಕಮಟ್ಟಿಗೆ ಇದ್ದೇ ಇದೆ.

ಇನ್ನು ವಾಯುವಿನ ಮಾತು. ಹಿರಿಯರ ಅನುಭವ ಪೂರ್ತಿ ಸುಳ್ಳಲ್ಲ. ಕಾಳುಗಳಲ್ಲಿ ನಮ್ಮ ಜಠರ ಜೀರ್ಣಿಸಲಾರದ ಕೆಲವು ಸಕ್ಕರೆಗಳಿವೆ. ಅವು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುಳಿಯಿಸಿ ವಾಯು ಹುಟ್ಟಿಸುತ್ತವೆ. ಆದರೆ ಕೋಸಿನ ಕುಲದಲ್ಲಿಯೂ ಅಂಥವೇ ಸಕ್ಕರೆಗಳಿವೆ ಎಂಬುದನ್ನು ಬೆಂಗಳೂರಿನ ನೆಂಟರಿಗೆ ಯಾರೂ ಹೇಳಿದಂತಿಲ್ಲ. ವಾಯುವಿಗೆ ಹೆದರಿ ಬೇಳೆ ಬಿಟ್ಟು ಮರಿಗೋಸು ಹಿಡಿದರೆ ಬಂದ ಭಾಗ್ಯವೇನು? ತಾಯಿಯ ಕರುಳಿನ ವಾಯು ಎದೆಹಾಲಿಗೆ ಇಳಿದು ಮಗುವಿನ ಹೊಟ್ಟೆಯನ್ನು ಸೇರುವುದೂ ಇಲ್ಲ. ಬೇಳೆಯನ್ನು ಕೆಲವು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಕಾಟ ಬಹಳಷ್ಟು ಇಳಿಯುತ್ತದೆ. ಮೊದಲ ದಿನಗಳಲ್ಲಿ ಹಗುರವಾದ ಹೆಸರುಬೇಳೆಯಿಂದ ಆರಂಭಿಸಿ, ಒಗ್ಗಿದ ಮೇಲೆ ತೊಗರಿಗೆ ಬರಬಹುದು.

ಬಾಣಂತಿಗೆ ಎಷ್ಟು ಬೇಕು ಎಂಬುದನ್ನೂ ತಿಳಿಯೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಪ್ರಾಯದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ ಬೇಕು. ಮೊಲೆಯೂಡಿಸುವ ಮೊದಲ ಆರು ತಿಂಗಳು ಅದರ ಮೇಲೆ ಇನ್ನೂ 17 ಗ್ರಾಂ. ಹೆರಿಗೆಯಾದವಳಿಗೆ ಮೆಣಸಿನ ಸಾರು, ಬಿಸಿ ಅನ್ನ, ತುಪ್ಪ ಮಾತ್ರ ಕೊಟ್ಟು ನಲವತ್ತು ದಿನ ಸಾಗಿಸುವ ಮನೆಗಳನ್ನು ನಾವು ಬಲ್ಲೆವು. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಸಂದೇಹವಿಲ್ಲ. ಆದರೆ ಹೆಚ್ಚು ಬೇಕಾದ ಕಾಲದಲ್ಲಿಯೇ ಕಡಿಮೆ ಬಡಿಸಿದಂತಾಯಿತು. ಬೇಳೆಯ ಬದಲು ಬೇಳೆಯ ಕಟ್ಟನ್ನು ಬಸಿದು ಕುಡಿಸುವ ವಾಡಿಕೆಯೂ ಉಂಟು. ಕಟ್ಟು ರುಚಿ, ಹಿತ ಎಲ್ಲ ಸರಿ. ಸಸಾರಜನಕದ ಬಹುಪಾಲು ಮಾತ್ರ ಬೇಳೆಯಲ್ಲಿಯೇ ಉಳಿದು ಹೋಳಿಗೆಯ ಹೂರಣಕ್ಕೆ ಸೇರಿ ಮನೆಯ ಉಳಿದವರ ತಟ್ಟೆಗೆ ಹೋಗುತ್ತದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಎಂದರೆ ಸುಮಾರು ಇಬ್ಬರಲ್ಲಿ ಒಬ್ಬರು. ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳದ ತಿಳಿಸಾರಿನಲ್ಲಿ ಊಟ ಮುಗಿಸುವ ಅಭ್ಯಾಸವನ್ನು ತ್ಯಾಗವೆಂದು ಹೊಗಳುವುದನ್ನು ನಾವು ಇನ್ನಾದರೂ ನಿಲ್ಲಿಸಬೇಕು. ಬಾಣಂತಿಯ ಬಟ್ಟಲಿಗೆ ಮೊದಲು ತಳದ ಬೇಳೆ ಬೀಳಲಿ, ಆಮೇಲೆ ಉಳಿದವರಿಗೆ ಸಾರು.

ಅನ್ನವೂ ಔಷಧವೂ ಒಂದೇ ಮನೆಯಲ್ಲಿ ದೊರೆಯಬೇಕೆಂಬ ತಿಳಿವು ಈ ಸೀಮೆಗೆ ಹೊಸತಲ್ಲ. ಅಲ್ಲಮಪ್ರಭುಗಳ ಹುಟ್ಟೂರಾದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕೋಡಿಮಠವಿತ್ತು. ದೀನರಿಗೆ, ಅನಾಥರಿಗೆ, ಕುರುಡ ಕುಂಟರಿಗೆ ಅನ್ನದಾನವೂ ರೋಗಿಗಳಿಗೆ ಔಷಧೋಪಚಾರವೂ ಅಲ್ಲಿ ನಡೆಯುತ್ತಿದ್ದವೆಂದು 1162ರ ಶಾಸನ ಹೇಳುತ್ತದೆ. ಮಠ ಕಾಳಾಮುಖ ಗುರುಗಳದು, ಕಾಲ ಬಿಜ್ಜಳನದು. ಅಂಥ ಸೀಮೆಯಲ್ಲಿ ಹೆತ್ತ ತಾಯಿಯ ಪಾಲಿನ ಬೇಳೆಯನ್ನು ನಾವೇ ಕಡಿತಗೊಳಿಸುವುದೆಂತು?

ಬೇಳೆ ದುಬಾರಿಯಾಗಿದೆ, ಸಾರು ತೆಳುವಾಗದೆ ಇನ್ನೇನು ಎಂದು ಕೇಳುವವರುಂಟು. ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಉದ್ದು, ಹೆಸರು, ಅಲಸಂದೆ ಬಿತ್ತುವ ರೂಢಿ ನಮ್ಮಲ್ಲಿ ಹಿಂದಿನಿಂದ ಇತ್ತು. ಕಾಳಿನ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಗದ್ದೆಗೂ ಲಾಭವಿತ್ತು. ಮೆಕ್ಕೆಜೋಳ, ಶುಂಠಿ, ಅಡಿಕೆ ಹಬ್ಬಿದ ಮೇಲೆ ಮನೆಯ ಕಣಜದ ಕಾಳು ಕಡಿಮೆಯಾಗಿ, ಅಂಗಡಿಯಿಂದ ಕಲಬುರ್ಗಿಯ ತೊಗರಿ ತರುವಂತಾಗಿದೆ. ತೊಗರಿಯೇ ಆಗಬೇಕೆಂದೇನಿಲ್ಲ. ಹುರಳಿ, ಅಲಸಂದೆ, ಹೆಸರು ಯಾವುದೂ ಸಸಾರಜನಕದಲ್ಲಿ ತೊಗರಿಗೆ ಕಡಿಮೆಯಲ್ಲ. ಹುರಳಿಯಲ್ಲಂತೂ ಸುಣ್ಣಾಂಶವೂ ಚೆನ್ನಾಗಿದೆ. ಅನ್ನದ ಸಸಾರಜನಕದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶ ಕಾಳುಗಳಲ್ಲಿ ಹೇರಳ. ಕಾಳುಗಳಲ್ಲಿ ಕೊರತೆಯಿರುವುದು ಅನ್ನದಲ್ಲಿದೆ. ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕಿ ಮಾಡಿದ ಹುಗ್ಗಿ ಬಾಣಂತಿಗೆ ತಕ್ಕ ಊಟ.

ಆದರೂ ಒಂದು ಮಾತನ್ನು ಬಿಚ್ಚಿ ಹೇಳಬೇಕು. ರಕ್ತ ಕಡಿಮೆಯೆಂದು ಪರೀಕ್ಷೆಯಲ್ಲಿ ಕಂಡ ಮೇಲೆ ಬೇಳೆಯೊಂದರಿಂದಲೋ ಕೋಸಿನಿಂದಲೋ ಅದು ಬೇಗ ತುಂಬಿಕೊಳ್ಳುವುದಿಲ್ಲ. ಮೊಲೆಯೂಡಿಸುವವಳಿಗೆ ದಿನಕ್ಕೆ 23 ಮಿಲಿಗ್ರಾಂ ಕಬ್ಬಿಣಾಂಶ ಬೇಕೆನ್ನುತ್ತದೆ ಅದೇ ಶಿಫಾರಸು. ಬಟ್ಟಲು ಬೇಳೆ ಕೊಡುವುದು ಎಷ್ಟೆಂದು ಮೇಲೆ ನೋಡಿದೆವು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ನುಂಗಬೇಕೆಂಬ ನಿಯಮವಿದೆ. ರಕ್ತಹೀನತೆ ಹೆಚ್ಚಿದ್ದರೆ ವೈದ್ಯರು ಹೇಳಿದಷ್ಟು. ಮಲ ಕಪ್ಪಾಯಿತೆಂದು ಹೆದರಿ ಬಿಡಬಾರದು, ಅದು ಮಾತ್ರೆಯ ಸಹಜ ಗುಣ. ಸುಣ್ಣಾಂಶದ ಮಾತ್ರೆಯನ್ನೂ ಕೊಟ್ಟಿದ್ದರೆ ಎರಡನ್ನೂ ಒಟ್ಟಿಗೆ ನುಂಗದೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಊಟದ ಬೆನ್ನಿಗೇ ಚಹಾ, ಕಾಫಿ ಕುಡಿದರೆ ಕಬ್ಬಿಣಾಂಶ ಹತ್ತುವುದಿಲ್ಲ. ಒಂದು ಗಂಟೆಯಾದರೂ ತಡೆಯಲಿ. ನಡೆದರೆ ಏದುಸಿರು, ಎದೆ ಡವಗುಟ್ಟುವುದು, ಕಣ್ಣು ಕತ್ತಲೆ ಬರುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಗೆ ಬಂದ ಮರಿಗೋಸನ್ನು ಬಿಸಾಡುವುದೂ ಬೇಡ. ಬುಡದ ಗಟ್ಟಿಭಾಗ ಕೊಯ್ದು, ಒಂದೊಂದನ್ನೂ ಎರಡು ಹೋಳು ಮಾಡಿ, ಉಪ್ಪುನೀರಿನಲ್ಲಿ ತೊಳೆಯಿರಿ. ಅರ್ಧ ಬೆಂದ ಹೆಸರುಬೇಳೆಗೆ ಸೇರಿಸಿ ಐದಾರು ನಿಮಿಷ ಬೇಯಿಸಿದರೆ ಸಾಕು. ಹೆಚ್ಚು ಬೆಂದರೆ ಅದರ ಗಂಧಕದ ಅಂಶ ಹೊರಬಂದು ಅಡುಗೆಮನೆಯೆಲ್ಲ ನಾರುತ್ತದೆ, ಸಿ ಜೀವಸತ್ವವೂ ನಷ್ಟ. ಜೀರಿಗೆ, ಇಂಗು, ತುಪ್ಪದ ಒಗ್ಗರಣೆ ಕೊಟ್ಟು, ಇಳಿಸಿದ ಮೇಲೆ ನಿಂಬೆ ಹಿಂಡಿ, ಕಾಯಿತುರಿ ಉದುರಿಸಿ ಬಿಸಿ ಅನ್ನದೊಂದಿಗೆ ಬಡಿಸಬಹುದು. ಪೊಟ್ಟಣ ತೀರಿದ ಮೇಲೆ ಅದೇ ಪಲ್ಯವನ್ನು ಸಂತೆಯ ಎಲೆಕೋಸಿನಲ್ಲಿ ಮಾಡಿರಿ.