ಲೇತಿನ ಎಣ್ಣೆಯಲ್ಲಿ ಉಳಿತಾಯ ಸಲ್ಲದು

ಹೊನ್ನವಳ್ಳಿ, ತಿಪಟೂರು ಸುತ್ತಿನ ಲೇತ್ ವರ್ಕ್‌ಶಾಪುಗಳಲ್ಲಿ ಪಂಪಿನ ಶಾಫ್ಟು ಸಕಾಲಕ್ಕೆ ಸಿದ್ಧವಾಗದಿದ್ದರೆ ತೆಂಗಿನ ತೋಟಕ್ಕೆ ನೀರಿಲ್ಲ. ಅಂತಹ ಯಂತ್ರಕ್ಕೆ ವಾಹನಗಳಿಂದ ಇಳಿಸಿದ ಹಳೆಯ ಆಯಿಲ್ ಸುರಿಯುವುದು ಉಳಿತಾಯವಲ್ಲ; ಅದರಲ್ಲಿನ ಲೋಹದ ಕಣಗಳು ಗೇರಿನ ಹಲ್ಲುಗಳನ್ನೇ ಸವೆಸುತ್ತವೆ. ಮನೆಯಲ್ಲಿಯೇ ದೊರೆಯುವ ಕೊಬ್ಬರಿ ಎಣ್ಣೆಯೂ ತಕ್ಕುದಲ್ಲ: ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವ ಅದು ಮಾಗಿಯ ಮುಂಜಾನೆ ಗೇರುಗಳ ನಡುವೆ ಹರಿಯದು.

ಹೆಡ್‌ಸ್ಟಾಕ್ ಗೇರುಗಳಿಗೆ ತಯಾರಕರ ಕೈಪಿಡಿ ಸೂಚಿಸಿದ ದರ್ಜೆಯನ್ನೇ ಬಳಸಬೇಕು. ಅನೇಕ ಲೇತ್‌ಗಳಿಗೆ ಅದು ಐಎಸ್‌ಒ ವಿಜಿ 68. ತೆರೆದ ಚೇಂಜ್ ಗೇರುಗಳಿಗೆ ಅಂಟಿಕೊಳ್ಳುವ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಪುಲ್ಲಿಯಲ್ಲಿ ಬೇರಿಂಗಿಗೆ ಮಾತ್ರ ಗ್ರೀಸು; ಬೆಲ್ಟಿಗೆ ಎಣ್ಣೆ ತಗುಲಿದರೆ ಅದು ಜಾರುತ್ತದೆ.

ಒಂದು ಡಬ್ಬಿ ಎಣ್ಣೆಗೆ ಹಿಂಜರಿದು ಗೇರ್‌ಬಾಕ್ಸನ್ನೇ ಕಳೆದುಕೊಳ್ಳುವುದು ಲೆಕ್ಕ ಬಲ್ಲವರಿಗೆ ಒಪ್ಪುವುದಿಲ್ಲ. ಸದಸ್ಯ ಉದ್ದಿಮೆದಾರರು ಎಣ್ಣೆ ಬದಲಿಸಿದ ದಿನಾಂಕವನ್ನು ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡುವುದು ಒಳಿತು.